ಬೋಣಿಯ ಕೈ

ಬೆಳಗಿನ ಆರೂವರೆಗೆ ಹಾಲಮ್ಮ ಬಾಗಿಲ ಅಗುಳಿ ತೆಗೆದಳೆಂದರೆ ಅರಳೆ ಓಣಿಯ ಗದ್ದಲ ಒಮ್ಮೆಗೇ ನಿಂತುಬಿಡುತ್ತಿತ್ತು. ಹೊಸ್ತಿಲಿನಿಂದ ತಿರುವಿನ ಬೇವಿನ ಮರದವರೆಗೂ ಬುಟ್ಟಿಗಳು, ತಳ್ಳುಗಾಡಿಗಳು, ಸೊಪ್ಪಿನ ಗಂಟುಗಳು. ಹೂವಿನ ಹುಲಿಗೆಮ್ಮ ಯಾವತ್ತೂ ಮೊದಲಿಗಳು. ಐದು ಗಂಟೆಗೇ ಬಂದು ಕಟ್ಟೆಯ ಮೇಲೆ ಕೂತು ಮಾಲೆ ಕಟ್ಟುತ್ತಿದ್ದವಳು, ಬಾಗಿಲ ಸದ್ದಿಗೆ ಎದ್ದು ಸೆರಗು ಸರಿಮಾಡಿಕೊಂಡು, "ಅಮ್ಮಾ, ನಿಮ್ ಕೈಯಿಂದ ಬೋಣಿ ಆಗ್ಲಿ" ಅನ್ನುತ್ತಿದ್ದಳು. ಹಾಲಮ್ಮ ಒಂದು ಮೊಳ ಹೂ ತೆಗೆದುಕೊಂಡು ಅವಳ ಮುಂಗೈಗೆ ತನ್ನ ಮುಂಗೈ ತಾಗಿಸುತ್ತಿದ್ದಳು. ಇಬ್ಬರ ಕೈಪಟ್ಟಿಗಳೂ ಟಿಕ್ ಎನ್ನುತ್ತಿದ್ದವು, ದುಡ್ಡು ಆ ಕಡೆ ಹೋಗುತ್ತಿತ್ತು. ಆಮೇಲೆ ಮುಂದಿನವರು, ಅವರ ಹಿಂದಿನವರು.

ಹೀಗೆ ದಿನಕ್ಕೆ ನಲವತ್ತು ಬೋಣಿ. ಮದುವೆಯಾದ ಮೂವತ್ತು ವರ್ಷದಲ್ಲಿ ತಿನ್ನದಷ್ಟು ಕೊತ್ತಂಬರಿ ಸೊಪ್ಪನ್ನು ಅವಳ ಗಂಡ ತಿಪ್ಪೇಸ್ವಾಮಿ ಕಳೆದ ಎರಡು ವರ್ಷದಲ್ಲಿ ತಿಂದಿದ್ದ. "ಇನ್ನೊಂದ್ ಕಟ್ಟು ತಂದ್ರೆ ನಾನೇ ಚಿಗುರ್ತೀನಿ ನೋಡು" ಎಂದು ಗೊಣಗುತ್ತಿದ್ದ. ಆದರೆ ಒಂದು ದಿನವೂ ಬೇಡ ಎಂದವನಲ್ಲ. ಬೇಡ ಎನ್ನುವ ಧೈರ್ಯ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಇದನ್ನೆಲ್ಲ ಮೂಢನಂಬಿಕೆ ಎಂದು ನಗುವ ಕಾಲ ಆಗಲೇ ಹೋಗಿತ್ತು. ಕೈಪಟ್ಟಿ ಬಂದದ್ದು ಕಳ್ಳತನ ತಡೆಯಲಿಕ್ಕೆ. ಯಾರಾದರೂ ಚಾಕು ತೋರಿಸಿ ಹಣ ಕಟ್ಟಿಸಿಕೊಳ್ಳಲು ನೋಡಿದರೆ, ಪಟ್ಟಿ ಮುಂಗೈಯ ಬೆವರು, ನಾಡಿ, ಬಿಸಿ ಎಲ್ಲ ಅಳೆದು ಇದು ಹೆದರಿದ ಕೈ ಎಂದು ತಿಳಿದುಕೊಂಡು ಹಣ ತಡೆಯುತ್ತಿತ್ತು. ದಾವಣಗೆರೆಯ ಎಲ್ಲ ಮುಂಗೈಗಳ ನಾಡಿಯೂ ಹೀಗೆ ಒಂದೆಡೆ ಬಂದು ಸೇರತೊಡಗಿದಾಗ ಡಾಕ್ಟರ್ ಸುಮುಖ ಎಂಬ ಅರ್ಥಶಾಸ್ತ್ರಜ್ಞನ ಕಣ್ಣಿಗೆ ಬಿದ್ದದ್ದೇ ಬೇರೆ. ಬೆಳಗಿನ ಮೊದಲ ವ್ಯಾಪಾರ ನೆಮ್ಮದಿಯ ಕೈಯಿಂದ ಆದರೆ ಮಾರುವವನ ನಾಡಿ ಮಧ್ಯಾಹ್ನದವರೆಗೂ ಹದವಾಗಿರುತ್ತಿತ್ತು. ಹದವಾಗಿದ್ದವನು ಚೌಕಾಸಿಗೆ ಸಿಡುಕುತ್ತಿರಲಿಲ್ಲ, ಕೇಳದಿದ್ದರೂ ಒಂದು ಹಿಡಿ ಕೊಸರು ಹಾಕುತ್ತಿದ್ದ. ಕೊಸರು ಸಿಕ್ಕ ಹೆಂಗಸು ಮುಂದಿನ ಅಂಗಡಿಗೆ ನಗುತ್ತ ಹೋಗಿ ಬೇಕಾದ್ದಕ್ಕಿಂತ ಒಂದು ಹೆಚ್ಚಿಗೆ ಕೊಳ್ಳುತ್ತಿದ್ದಳು. ಆ ನಗು ಸಂಜೆಯ ಹೊತ್ತಿಗೆ ಬಟ್ಟೆ ಅಂಗಡಿ ದಾಟಿ ಬಂಗಾರದ ಅಂಗಡಿಯನ್ನೂ ಮುಟ್ಟುತ್ತಿತ್ತು. ಮನುಷ್ಯ ಬೆಲೆ ನೋಡಿ ಕೊಳ್ಳುತ್ತಾನೆ ಎಂದು ಓದಿ ಪದವಿ ಪಡೆದಿದ್ದ ಸುಮುಖ ಒಂದು ವಾರ ನಿದ್ದೆಗೆಟ್ಟ. ಎಳೆ ಹಿಡಿದು ಹಿಂದೆ ಹಿಂದೆ ಹೋದರೆ ಇಡೀ ಊರಿನ ಪೇಟೆ ಏಳು ಕೈಗಳಿಗೆ ಬಂದು ನಿಲ್ಲುತ್ತಿತ್ತು. ಏಳರಲ್ಲಿ ಎಲ್ಲಕ್ಕಿಂತ ಹದವಾದ ಕೈ, ಅರಳೆ ಓಣಿಯಲ್ಲಿ ರವಿಕೆ ಹೊಲಿದುಕೊಂಡಿದ್ದ ಹಾಲಮ್ಮನದು. ಜನ ಅದನ್ನು ಕೈಗುಣ ಎಂದು ಮೊದಲಿಂದಲೂ ಕರೆಯುತ್ತಿದ್ದರು. ಸುಮುಖ ಅದಕ್ಕೊಂದು ಉದ್ದನೆಯ ಹೆಸರಿಟ್ಟ, ಅಷ್ಟೆ.

ಮುಚ್ಚಿಹೋದ ಹತ್ತಿ ಗಿರಣಿಯ ಕಟ್ಟಡದಲ್ಲಿ 'ಪೇಟೆ ಮನೋಮಾಪನ ಕೇಂದ್ರ' ಶುರುವಾಯಿತು. ಜನರ ಬಾಯಲ್ಲಿ ಅದು 'ಮನಸ್ಸಿನ ಆಫೀಸು'. ಪ್ರತಿ ಬುಧವಾರ ಮಧ್ಯಾಹ್ನ ಹಾಲಮ್ಮ ಅಲ್ಲಿಗೆ ಹೋಗಬೇಕಿತ್ತು. ಗಂಡ ಒಂದು ಕಾಲದಲ್ಲಿ ನೂಲು ಸುತ್ತುತ್ತಿದ್ದ ಹಜಾರದ ಗೋಡೆಯ ತುಂಬ ಊರಿನ ನಕ್ಷೆ ಹೊಳೆಯುತ್ತಿತ್ತು. ಹದವಾದ ಬೀದಿಗಳು ಹಸಿರು, ಹದ ತಪ್ಪಿದವು ಕೆಂಪು. ಅವಳ ಓಣಿಯಲ್ಲಿ ಒಂದು ಚುಕ್ಕೆ ಮಿಣುಕುತ್ತಿತ್ತು. "ಅದು ನೀವು" ಎಂದು ಸುಮುಖ ಮೊದಲ ದಿನ ತೋರಿಸಿದಾಗ ಅವಳು ನಾಚಿ ಸೆರಗು ಬಾಯಿಗೆ ಹಿಡಿದಿದ್ದಳು.

ಕೇಂದ್ರದವರು ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. ಒಪ್ಪಂದ ಬರೆಸಿಕೊಂಡು ಬೋಣಿಯ ಖರ್ಚು ತಾವೇ ಹೊತ್ತರು, ಒಂದು ಬೋಣಿಯೂ ತಪ್ಪಬಾರದೆಂದು ಅವಳ ಪಟ್ಟಿ ಹಣ ತಡೆಯದ ಹಾಗೆ ಮಾಡಿದರು. ಹೊಲಿಗೆ ಬಿಡಿಸಿದರು, ಕಣ್ಣು ನೋಯಬಾರದಲ್ಲ. ಟೀವಿಯಲ್ಲಿ ಕೆಟ್ಟ ಸುದ್ದಿ ಬಾರದ ಹಾಗೆ ಮಾಡಿದರು. ಪಕ್ಕದ ಮನೆಯ ಅತ್ತೆ ಸೊಸೆ ಜಗಳ ಆಡಬೇಕಾದರೆ ಬೇವಿನ ಮರದ ಆಚೆ ಹೋಗಿ ಆಡುತ್ತಿದ್ದರು. ಯಾರೂ ಅವಳಿಗೆ ಎದುರಾಡುತ್ತಿರಲಿಲ್ಲ, ಕಷ್ಟ ಹೇಳಿಕೊಳ್ಳುತ್ತಿರಲಿಲ್ಲ. ಓಣಿಯ ಎಲ್ಲ ಬಾಣಂತನ, ಜ್ವರ, ಜಗಳ ಬಲ್ಲವಳಾಗಿದ್ದ ಹಾಲಮ್ಮನಿಗೆ ಎರಡು ವರ್ಷದಿಂದ ಯಾರ ಮನೆಯಲ್ಲಿ ಏನಾಯಿತೆಂಬುದೇ ಗೊತ್ತಿರಲಿಲ್ಲ. ಅವಳು ಬಂದರೆ ಎಲ್ಲರ ಮುಖದ ಮೇಲೂ ಒಂದೇ ನಗು. ಆ ನಗು ನೋಡಿ ನೋಡಿ ಅವಳಿಗೆ ಉಸಿರು ಕಟ್ಟುತ್ತಿತ್ತು. ಹಾಗಂತ ಹೇಳಿದರೆ ಹದ ಕೆಡುತ್ತದೆ.

ಹರಪನಹಳ್ಳಿಯಲ್ಲಿ ಅವಳ ತಂಗಿ ಕೊಟ್ರಮ್ಮ ಹಾಸಿಗೆ ಹಿಡಿದದ್ದು ದೀಪಾವಳಿಗೆ ಹದಿನೈದು ದಿನ ಇರುವಾಗ. ಶ್ವಾಸಕೋಶ ಕಟ್ಟಿಕೊಂಡಿದೆ, ದಿನ ಎಣಿಸಬೇಕು ಎಂದು ಡಾಕ್ಟರು ಹೇಳಿದ್ದರು. ಇಬ್ಬರೂ ಎರಡೇ ವರ್ಷದ ಅಂತರದವರು, ಒಂದೇ ಕೌದಿ ಹೊದ್ದು ಬೆಳೆದವರು. ಕೊಟ್ರಮ್ಮ ಫೋನಿನಲ್ಲಿ ನಾಲ್ಕು ಮಾತಾಡಿದರೆ ಎರಡು ಸಲ ಕೆಮ್ಮುತ್ತಿದ್ದಳು.

"ಒಂದ್ಸಲ ಬಂದ್ ಹೋಗೆ ಅಕ್ಕಾ."

"ಬರ್ತೀನಿ ಕಣೇ. ಹಬ್ಬದ ವ್ಯಾಪಾರ ಅಂತ ಇಲ್ಲಿ ಎಲ್ರೂ..."

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಕೊಟ್ರಮ್ಮ ನಕ್ಕಳು. ಆ ನಗು ಕೆಮ್ಮಾಗಿ ತುಂಬ ಹೊತ್ತು ನಡೆಯಿತು. "ನಿನ್ ಕೈಗುಣ ಊರಿಗೆಲ್ಲ ಆಗ್ತೈತೆ, ನನ್ ಹಣೆ ಮೇಲೆ ಒಂದ್ಸಲ ಇಡೋಕೆ ಆಗಲ್ವೇನೆ?"

ಆ ಮಾತು ಹಾಲಮ್ಮನ ಎದೆಗೆ ನಾಟಿತು. ಮರುದಿನ ಬುಧವಾರವಲ್ಲದಿದ್ದರೂ ಕೇಂದ್ರಕ್ಕೆ ಹೋಗಿ, ನಾಲ್ಕು ದಿನ ಊರಿಗೆ ಹೋಗಬೇಕು ಎಂದಳು.

ಸುಮುಖ ಕೆಟ್ಟವನಲ್ಲ. ಕುರ್ಚಿ ಎಳೆದು ಕೂರಿಸಿದ, ನೀರು ಕೊಟ್ಟ. "ನಾನು ತಡೆಯೋದಿಲ್ಲ ಹಾಲಮ್ಮನವರೇ. ಒಪ್ಪಂದದಲ್ಲಿ ಯಾವತ್ತು ಬೇಕಾದರೂ ಬಿಡಬಹುದು ಅಂತಲೇ ಇದೆ. ಇದನ್ನೊಮ್ಮೆ ನೋಡಿ ಹೋಗಿ" ಎಂದು ಗೋಡೆಯ ಮೇಲೆ ಹಳೆಯ ದಿನವೊಂದನ್ನು ಎಬ್ಬಿಸಿದ. ಹಿಂದಿನ ವರ್ಷ ಅವಳಿಗೆ ಹಲ್ಲುನೋವು ಬಂದಿದ್ದ ದಿನ. ಅರಳೆ ಓಣಿಯಿಂದ ಹೊರಟ ಕೆಂಪು ಮಧ್ಯಾಹ್ನದೊಳಗೆ ಅರ್ಧ ಊರನ್ನು ಹಿಡಿದಿತ್ತು. ಆವತ್ತು ಹುಲಿಗೆಮ್ಮ ಎರಡು ಬುಟ್ಟಿ ಹೂವನ್ನು ಚರಂಡಿಗೆ ಸುರಿದಿದ್ದಳು. ಸಂತೆಯಲ್ಲಿ ಮೂರು ಕಡೆ ಹೊಡೆದಾಟವಾಗಿತ್ತು.

"ಒಂದು ಹಲ್ಲಿಗೆ ಇಷ್ಟು" ಎಂದ ಸುಮುಖ ತಗ್ಗಿದ ದನಿಯಲ್ಲಿ. "ನೀವು ತಂಗೀನ ನೋಡಿ ಬಂದ ಮೇಲೆ ನಿಮ್ಮ ಕೈ ಹೇಗಿರುತ್ತೆ? ಹಬ್ಬದ ವಾರ. ಹೂವು, ಹಣ್ಣು ಮರುದಿನಕ್ಕೆ ಇಡೋ ಸಾಮಾನಲ್ಲ."

ಬೀಗ ಹಾಕಿದ್ದರೆ ಮುರಿಯಬಹುದಿತ್ತು. ಬಾಗಿಲು ತೆರೆದಿಟ್ಟು ಹೀಗೆ ಹೇಳಿದರೆ ಏನು ಮಾಡುವುದು? ಮನೆಗೆ ಬರುವಷ್ಟರಲ್ಲಿ ಸುದ್ದಿ ಓಣಿ ಮುಟ್ಟಿತ್ತು. ಹುಲಿಗೆಮ್ಮ ಕಾಲು ಹಿಡಿದುಕೊಂಡಳು. "ಹೋಗ್ಬ್ಯಾಡ್ರಿ ಅನ್ನಾಕ ನಾವ್ಯಾರು ಅಮ್ಮಾ? ಹಬ್ಬ ಒಂದ್ ಮುಗೀಲಿ. ವರ್ಷಕ್ಕೆಲ್ಲ ಇದೊಂದೇ ನಮ್ ಸುಗ್ಗಿ." ತರಕಾರಿ ಗಾಡಿಯ ಮೆಹಬೂಬ್ ಸಾಬರು ತಲೆ ಕೆಳಗೆ ಹಾಕಿ ಈರುಳ್ಳಿ ಸಿಪ್ಪೆ ಆರಿಸುತ್ತ ನಿಂತರು. ಗಂಡನ ಮುಖ ನೋಡಿದಳು. ತಿಪ್ಪೇಸ್ವಾಮಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಹಾಲಮ್ಮ ತಂಗಿಗೆ ಫೋನು ಮಾಡಿ, ಹಬ್ಬ ಮುಗಿದ ಮಾರನೆಯ ದಿನವೇ ಬರುತ್ತೇನೆ ಎಂದಳು. "ಆಯ್ತು ಬಿಡೆ" ಎಂದಳು ಕೊಟ್ರಮ್ಮ. ಆಮೇಲೆ ಅವಳು ಬಾ ಎಂದು ಕರೆಯಲಿಲ್ಲ.

ಹಬ್ಬಕ್ಕೆ ಇನ್ನು ನಾಲ್ಕು ದಿನ ಇರುವಾಗ, ಮಂಗಳವಾರ ಸಂಜೆ, ಹಾಲಮ್ಮ ಹಿತ್ತಲಿಗೆ ಪಾತ್ರೆ ತೊಳೆಯಲು ಹೋದಳು. ತಂತಿಯ ಮೇಲೆ ಗಂಡನ ಪಂಚೆ, ಅಂಗಿ, ಬನಿಯನ್ ಎಲ್ಲ ನೀರು ಸುರಿಸುತ್ತಿದ್ದವು. ಹಿಂಡಿರಲೂ ಇಲ್ಲ. ಬೆಳಿಗ್ಗೆ ಹಾಕಿಕೊಂಡಿದ್ದ ಅಂಗಿಯೇ ಅದು. ಬಚ್ಚಲಲ್ಲಿ ಒಲೆ ತಣ್ಣಗಿತ್ತು.

ತಿಪ್ಪೇಸ್ವಾಮಿ ಬಿಸಿನೀರಿಲ್ಲದೆ ಕೈ ಕೂಡ ತೊಳೆಯುವವನಲ್ಲ. ಅಂಥವನು ಸಂಜೆ ನಾಲ್ಕಕ್ಕೆ, ತಣ್ಣೀರಲ್ಲಿ, ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡಿದ್ದಾನೆ. ಹೀಗೆ ಮೀಯುವುದು ಒಂದೇ ಒಂದಕ್ಕೆ. ನಾಲಿಗೆಯನ್ನು ಎಷ್ಟು ಕಟ್ಟಿಹಾಕಿದರೂ, ಸಾವಿನ ಸುದ್ದಿ ಕೇಳಿ ಮೀಯದೆ ಮನೆಯೊಳಗೆ ಕಾಲಿಡುವುದು ಆ ಮನುಷ್ಯನಿಂದ ಆಗಿರಲಿಲ್ಲ.

ಹಾಲಮ್ಮ ಕೈಲಿದ್ದ ಪಾತ್ರೆಗಳನ್ನು ಬಾವಿಕಟ್ಟೆಯ ಮೇಲಿಟ್ಟಳು. ಯಾಕೆ ಹೇಳಲಿಲ್ಲ ಎಂಬುದು ತಕ್ಷಣ ತಿಳಿಯಿತು. ಸಾವಿನ ಸುದ್ದಿ ಕೇಳಿದರೆ ಸೂತಕ, ಕೇಳದಿದ್ದರೆ ಇಲ್ಲ. ಅವಳ ತವರಿನಲ್ಲಿ ಮದುವೆಗೆ ಹಂದರ ಹಾಕಿದ ಮೇಲೆ ಯಾರಾದರೂ ಸಾವಿನ ಸುದ್ದಿ ತಂದರೆ ಹಿರಿಯರು ಅವನನ್ನು ಊರ ಹೊರಗೇ ತಡೆದು, ಬಾಯಿ ಬಿಡದ ಹಾಗೆ ಊಟ ಹಾಕಿ ಕೂರಿಸುತ್ತಿದ್ದರು. ಸತ್ತವರು ಸತ್ತದ್ದು ಕಿವಿಗೆ ಬಿದ್ದ ಮೇಲೆಯೇ. ಒಡಹುಟ್ಟಿದವಳು ಹೋದರೆ ಮೂರು ದಿನ ಸೂತಕ, ಸೂತಕದ ಕೈಯಿಂದ ಯಾರೂ ಬೋಣಿ ಮಾಡಿಸಿಕೊಳ್ಳುವುದಿಲ್ಲ. ಅವಳು ಕೇಳದಿದ್ದರೆ ಕೈ ಶುದ್ಧ. ಕೇಂದ್ರದವರಿಗೂ ಅದೇ ಬೇಕು, ಕೇಳದಿದ್ದರೆ ನಾಡಿ ಹದ. ಅಜ್ಜನ ಕಾಲದ ಶಾಸ್ತ್ರವೂ ಇವತ್ತಿನ ವಿಜ್ಞಾನವೂ ಹೀಗೆ ಕೈಕೈ ಹಿಡಿದು ತನ್ನ ಕಿವಿ ಮುಚ್ಚುತ್ತವೆ ಎಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

ಒಳಗೆ ಹೋದಳು. ತಿಪ್ಪೇಸ್ವಾಮಿ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಕೊಟ್ರಿಗೆ ಫೋನ್ ಹತ್ತಾ ಇಲ್ಲ" ಎಂದಳು.

"ಅಲ್ಲಿ ಕರೆಂಟಿಲ್ವಂತೆ" ಎಂದ ಅವನು, ತಿರುಗದೆ.

ಕೇಳಿದರೆ ಅವನು ಹೇಳಲೇಬೇಕಾಗುತ್ತದೆ. ಹೇಳಿದರೆ ನಾಳೆ ನಲವತ್ತು ಬುಟ್ಟಿಗಳು ಬೋಣಿಯಿಲ್ಲದೆ ಹಿಂದಿರುಗುತ್ತವೆ. ಹಾಲಮ್ಮ ಕೇಳಲಿಲ್ಲ. ಬಿಸಿ ತುಪ್ಪ ಬಾಯಲ್ಲಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಅವಳ ಕೈ ಮಂಜುಗಡ್ಡೆಯಾಗಿತ್ತು. ಹುಲಿಗೆಮ್ಮ ಕಣ್ಣೆತ್ತಿ ನೋಡಲಿಲ್ಲ. ಒಂದು ಮೊಳದ ಬದಲು ನಾಲ್ಕು ಮೊಳ ಅಳೆದುಕೊಟ್ಟಳು. ಮೆಹಬೂಬ್ ಸಾಬರು ಟೊಮೆಟೊ ತೂಗಿ, ಮತ್ತೆ ತಕ್ಕಡಿ ತುಂಬುವಷ್ಟು ಕೊಸರು ಸುರಿದರು. ಎಲ್ಲರಿಗೂ ಗೊತ್ತಿತ್ತು. ತನ್ನ ತಂಗಿ ಸತ್ತದ್ದು ಇಡೀ ಓಣಿಗೆ ಗೊತ್ತಿತ್ತು. ಅವರು ಒಬ್ಬೊಬ್ಬರಾಗಿ ಅವಳ ತಣ್ಣನೆಯ ಮುಂಗೈ ಮುಟ್ಟಿ, ಕಣ್ಣಿಗೊತ್ತಿಕೊಂಡು ಹೋದರು. ಹಾಲಮ್ಮ ನಗುತ್ತ ನಿಂತಿದ್ದಳು. ಅಷ್ಟು ಚೆನ್ನಾಗಿ ನಗಲು ತನಗೆ ಬರುತ್ತದೆಂದು ಅವಳಿಗೇ ಅಸಹ್ಯವಾಯಿತು.

ಹನ್ನೊಂದಕ್ಕೇ ಕೇಂದ್ರದಿಂದ ಕಾರು ಬಂತು.

ಸುಮುಖ ಗೋಡೆಯ ಮುಂದೆ ನಿಂತಿದ್ದ. ಅವಳ ಚುಕ್ಕೆ ಕಡುಗೆಂಪಾಗಿತ್ತು, ಹಲ್ಲುನೋವಿನ ದಿನಕ್ಕಿಂತ ಹತ್ತರಷ್ಟು. ಆದರೆ ಅದರ ಸುತ್ತ ಇಡೀ ಊರು ಹಸಿರಾಗಿತ್ತು. ಗೌರಿ ಹಬ್ಬಕ್ಕೂ, ಯುಗಾದಿಗೂ ಕಂಡಿರದ ಹಸಿರು.

"ನಿಮಗೆ ಗೊತ್ತಾಗಿದೆ" ಎಂದ ಅವನು.

"ನಿಮಗೂ ಗೊತ್ತಿತ್ತಾ?"

ಸುಮುಖ ಗೋಡೆಯ ಕಡೆ ನೋಡಿದ. ಅದೇ ಉತ್ತರ. ಆಮೇಲೆ ತಡೆಯಲಾರದೆ ಅವನೊಳಗಿನ ವಿಜ್ಞಾನಿ ಬಾಯಿಬಿಟ್ಟ. "ನಮ್ಮ ಲೆಕ್ಕದ ಪ್ರಕಾರ ಇವತ್ತು ಪೇಟೆ ಕುಸಿಯಬೇಕಿತ್ತು. ಆದರೆ ಅವರೆಲ್ಲ ಕೊಸರು ಎರಡು ಪಟ್ಟು ಹಾಕಿದಾರೆ. ನಿಮಗೆ ಮಾಡಿದ ಮೋಸಕ್ಕೆ ಮನಸ್ಸು ಚುಚ್ಚಿ, ಸಿಕ್ಕಸಿಕ್ಕವರಿಗೆಲ್ಲ ಕೊಟ್ಟಿದಾರೆ. ನೀವು ಸುದ್ದಿ ಕೇಳಿಲ್ಲ, ಕೈ ಶುದ್ಧ ಅಂತ ನಂಬಿದಾರೆ. ನಾನು ತಪ್ಪು ತಿಳಿದಿದ್ದೆ ಹಾಲಮ್ಮನವರೇ. ಹದ ನಿಮ್ಮ ಕೈಯಲ್ಲಿ ಯಾವತ್ತೂ ಇರಲಿಲ್ಲ. ಅದು ನಿಮ್ಮ ಕೈ ಮುಟ್ಟಿದವರ ನಂಬಿಕೆಯಲ್ಲಿತ್ತು. ಆ ಹಲ್ಲುನೋವಿನ ದಿನ ನಿಮ್ಮ ಕೆನ್ನೆ ಊದಿದ್ದು ಅವರಿಗೆ ಕಂಡಿತ್ತು, ಅಷ್ಟೇ."

ಹಾಲಮ್ಮ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು.

"ಹಂಗಾದ್ರೆ ನಾನು ಹೋಗಿ, ಅವಳ ಹಣೆ ಮುಟ್ಟಿ, ಬಂದು ನಕ್ಕೊಂಡ್ ನಿಂತಿದ್ರೆ ಸಾಕಿತ್ತು."

ಸುಮುಖ ಕೈ ಚಾಚಿ ಗೋಡೆಯ ನಕ್ಷೆ ಆರಿಸಿದ.

"ಡಾಕ್ಟ್ರೇ, ನಿಮ್ಮನ್ನೇ ಕೇಳ್ತಿರೋದು. ಸಾಕಿತ್ತಲ್ವಾ?"

"ಸಾಕಿತ್ತು" ಎಂದ. ಅವನ ನಾಚಿಕೆ ನಿಜವೇ. ಆದರೂ ಕೊನೆಯ ಮಾತು ಬಂದೇ ಬಂತು. "ಇನ್ನು ಮುಂದೆ ನೀವು ಮನಸಾರೆ ಅಳಬಹುದು. ನಮ್ಮ ಕಡೆಯಿಂದ ಯಾವ ಅಡ್ಡಿಯೂ ಇಲ್ಲ. ಅವರಿಗೆ ಕಾಣದ ಹಾಗೆ ಅತ್ತರಾಯ್ತು."

ಗುರುವಾರ ಮೂರನೆಯ ದಿನ. ಹರಪನಹಳ್ಳಿಯಲ್ಲಿ ಇವತ್ತು ಹಾಲು-ತುಪ್ಪ. ಮಣ್ಣಾದ ಜಾಗಕ್ಕೆ ಒಡಹುಟ್ಟಿದವರು ಹಾಲು ಎರೆಯಬೇಕು. ಜೀವ ಇರುವಾಗ ಮುಟ್ಟಲಾಗಲಿಲ್ಲ, ಆ ಮಣ್ಣನ್ನಾದರೂ ಮುಟ್ಟಬೇಕು. ಏಳೂಕಾಲಿಗೆ ಬಸ್ಸು. ಹಾಲಮ್ಮ ಎದ್ದು ಮಿಂದು, ಗಂಡನ ಎದುರು ಬಂದು ನಿಂತಳು.

"ನನ್ ತಂಗಿ ಹೋದ್ಲು. ನಂಗೆ ಗೊತ್ತು. ನಾನು ಹೊರಟೆ."

ತಿಪ್ಪೇಸ್ವಾಮಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. "ನನ್ನ ಬೈಯೇ, ಬೈದುಬಿಡೇ" ಎಂದ. ಆಮೇಲೆ ಕಣ್ಣೊರೆಸಿಕೊಂಡು ಹಾಲಿನ ಕ್ಯಾನು ತಾನೇ ಹಿಡಿದುಕೊಂಡ.

ಬಾಗಿಲು ತೆಗೆದಾಗ ಓಣಿಯಲ್ಲಿ ಎಂದಿಗಿಂತ ಎರಡು ಪಟ್ಟು ಜನ. ನಿನ್ನೆಯ ವ್ಯಾಪಾರದ ಸುದ್ದಿ ಊರೆಲ್ಲ ಹಬ್ಬಿತ್ತು. ಬೇರೆ ಓಣಿಗಳವರೂ ಬಂದಿದ್ದರು. ಹಾಲಮ್ಮ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನನ್ ತಂಗಿ ತೀರ್ಕೊಂಡಿದಾಳೆ. ನಂಗೆ ಗೊತ್ತಾಗೈತೆ. ನಂಗೆ ಸೂತಕ. ಇವತ್ತು ಬೋಣಿ ಇಲ್ಲ, ದಾರಿ ಬಿಡ್ರಿ."

ಒಬ್ಬರೂ ಮಿಸುಕಲಿಲ್ಲ. ಹುಲಿಗೆಮ್ಮ ತಲೆ ತಗ್ಗಿಸಿ ಬುಟ್ಟಿಯ ಹೂವಿಗೆ ನೀರು ಚಿಮುಕಿಸಿದಳು.

"ಏನೋ ಅಂದ್ರಿ ಅಮ್ಮಾ. ಗಾಡಿ ಸದ್ದಿನಾಗ ಕೇಳಿಸ್ಲಿಲ್ಲ."

ಓಣಿಯಲ್ಲಿ ಒಂದು ಗಾಡಿಯೂ ಅಲುಗಿರಲಿಲ್ಲ. ಹಾಲಮ್ಮ ಗಂಟಲು ಹರಿಯುವ ಹಾಗೆ ಮತ್ತೆ ಹೇಳಿದಳು. ನಿಂಬೆಹಣ್ಣಿನವಳು ಪಕ್ಕದವಳ ಜೊತೆ ಮಳೆ ಬಿಸಿಲಿನ ಮಾತಾಡತೊಡಗಿದಳು. ಬಾಳೆಎಲೆಯವನು ಕಿವಿಯಲ್ಲಿ ಬೆರಳಾಡಿಸಿಕೊಂಡ. ಹಾಲಮ್ಮ ಮೆಹಬೂಬ್ ಸಾಬರ ಮುಂದೆ ಹೋಗಿ ನಿಂತಳು. "ಸಾಬ್ರೇ, ನೀವಾದ್ರೂ ಹೇಳ್ರಿ. ನಿಮ್ಮಲ್ಲಿ ಸೂತಕ ಗೀತಕ ಇಲ್ವಲ್ಲ."

ಮುದುಕರ ಕಣ್ಣು ತುಂಬಿತು. "ನಂಗೆ ಕೇಳಿಸ್ತಮ್ಮಾ" ಎಂದರು ಮೆಲ್ಲಗೆ. "ಆದ್ರೆ ನಾನೊಬ್ನೇ ಕೇಳಿಸ್ಕೊಂಡು ಈ ಓಣೀಲಿ ಬಾಳೋದು ಹೆಂಗೆ?" ಹಾಗೆಂದು ಅವರೂ ಮುಂಗೈ ಚಾಚಿದರು.

ಯಾರೂ ಅವಳನ್ನು ಹಿಡಿಯಲಿಲ್ಲ, ತಳ್ಳಲಿಲ್ಲ. ಯಾರಿಗೂ ಅವಳ ಮೇಲೆ ಸಿಟ್ಟಿರಲಿಲ್ಲ. ಬುಟ್ಟಿಗೆ ಬುಟ್ಟಿ, ಗಾಡಿಗೆ ಗಾಡಿ ಒತ್ತಿಕೊಂಡು ನಿಂತಿದ್ದವು, ಅಷ್ಟೇ. ಒಬ್ಬರು ಸರಿಯಬೇಕಾದರೆ ಅವರ ಬೋಣಿ ಆಗಬೇಕು. ಹಾಲಮ್ಮ ಗಂಡನ ಕೈಯಲ್ಲಿನ ಕ್ಯಾನು ನೋಡಿದಳು, ತಿರುವಿನ ಬೇವಿನ ಮರ ನೋಡಿದಳು. ಮೆಹಬೂಬ್ ಸಾಬರ ಮುಂಗೈಗೆ ಮುಂಗೈ ತಾಗಿಸಿದಳು. ಟಿಕ್. ಗಾಡಿ ಒಂದು ಹೆಜ್ಜೆ ಸರಿಯಿತು. ನಿಂಬೆಹಣ್ಣಿನವಳು, ಟಿಕ್. ಬಾಳೆಎಲೆಯವನು, ಟಿಕ್. ಅವಳು ಹೀಗೆ ಹೆಜ್ಜೆ ಹೆಜ್ಜೆಗೂ ಕೊಳ್ಳುತ್ತ ಮುಂದೆ ಹೋದಳು. ಕೊಂಡಷ್ಟೂ ಹಿಂದಿನವರ ಮುಖ ಅರಳಿತು, ಫೋನುಗಳು ಗುನುಗಿದವು, ಅಮ್ಮ ಬೀದಿಗಿಳಿದು ಎಲ್ಲರಿಗೂ ಬೋಣಿ ಮಾಡುತ್ತಿದ್ದಾರಂತೆ ಎಂದು ಆಚೆ ಬೀದಿಗಳಿಂದ ಜನ ಓಡಿ ಬಂದು ತಿರುವಿನಲ್ಲಿ ಸಾಲು ಹಿಡಿದರು. ಬೇವಿನ ಮರ ಇದ್ದಲ್ಲೇ ಇತ್ತು, ಸಾಲು ಅದನ್ನು ದಾಟಿ ಬೆಳೆಯುತ್ತಲೇ ಇತ್ತು.

ಬಸ್ಸಿನ ಹೊತ್ತು ಮೀರಿತು. ಬಿಸಿಲು ಏರಿತು. ಹಾಲಮ್ಮನ ಎದೆಯ ಕಟ್ಟೆ ಒಡೆದುಹೋಯಿತು. "ಕೊಟ್ರೀ, ನನ್ನವ್ವಾ, ಹಾಲೆರೆಯೋಕೂ ಬಿಡ್ತಿಲ್ವಲ್ಲೇ" ಎಂದು ಅವಳು ನಡುಬೀದಿಯಲ್ಲಿ ಎದೆ ಬಡಿದುಕೊಂಡು ಅಳತೊಡಗಿದಳು. ಬಡಿದುಕೊಳ್ಳುವ ಕೈಯನ್ನು ಯಾರೋ ಮೃದುವಾಗಿ ಹಿಡಿದು ತಮ್ಮ ಮುಂಗೈಗೆ ತಾಗಿಸಿಕೊಂಡರು. ಟಿಕ್.

ಹೊಸದಾಗಿ ಬಂದ ಬಳೆಗಾರ್ತಿಯೊಬ್ಬಳು ಗಾಬರಿಯಿಂದ, "ಯಾಕವ್ವಾ, ಅಮ್ಮಾರು ಹಿಂಗ್ ಅಳ್ತಾರೆ?" ಎಂದು ಕೇಳಿದಳು.

ಹುಲಿಗೆಮ್ಮ ತನ್ನ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡಳು.

"ಹಬ್ಬ ಅಲ್ಲೇನು" ಎಂದಳು. "ಇಷ್ಟ್ ಜನ ಬಂದಿದ್ದು ನೋಡಿ ಖುಷಿಗೆ ಕಣ್ಣೀರು ಬಂದೈತಿ. ನೀನೂ ಕೈ ಹಿಡಿ, ಹೊತ್ತಾಗ್ತೈತಿ."